ಸಾಲ್ವರ್, ಸಮ್ಮೇಳನ, ಹುದ್ದೆ: ನ್ಯೂಮರಿಕಲ್ ಅನಾಲಿಸಿಸ್ ಪ್ರಕಟಣೆಗಳನ್ನು ಓದುವ ಬಗೆ

ನ್ಯೂಮರಿಕಲ್ ಅನಾಲಿಸಿಸ್‌ನಲ್ಲಿ, ಅಂದರೆ ಗಣಿತದ ಸಮಸ್ಯೆಗಳನ್ನು ಕಂಪ್ಯೂಟರ್‌ನಲ್ಲಿ ಸಂಖ್ಯೆಗಳ ಮೂಲಕ ಬಿಡಿಸುವ ಕ್ಷೇತ್ರದಲ್ಲಿ, ಕೆಲಸ ಮಾಡುವವರಿಗೆ ವಾರವಾರವೂ ಪ್ರಕಟಣೆಗಳ ಕಂತೆ ಬಂದು ಬೀಳುತ್ತದೆ. ಸಮೀಕರಣ ಬಿಡಿಸುವ ಯಾವುದೋ ಸಾಲ್ವರ್‌ನ ಹೊಸ ಆವೃತ್ತಿ, ಮುಂದಿನ ವರ್ಷದ ಸಮ್ಮೇಳನ, ಎರಡು ವರ್ಷದ ಪೋಸ್ಟ್‌ಡಾಕ್ ಹುದ್ದೆ, ಜರ್ನಲ್ ಒಂದರ ವಿಶೇಷ ಸಂಚಿಕೆ, ಪ್ರಶಸ್ತಿಗೆ ನಾಮನಿರ್ದೇಶನದ ಕರೆ, ಹಿರಿಯರೊಬ್ಬರ ನಿಧನವಾರ್ತೆ. ಹೊಸಬರು ಎಲ್ಲವನ್ನೂ ಓದಲು ಹೋಗಿ ಸುಸ್ತಾಗುತ್ತಾರೆ, ಹಳಬರು ಯಾವುದನ್ನೂ ಓದದೆ ಗಡುವು ತಪ್ಪಿಸಿಕೊಳ್ಳುತ್ತಾರೆ.

ಪ್ರಕಟಣೆಯನ್ನು ಬರೆಯುವವರು ತಮ್ಮ ಪರವಾಗಿ ತಾವೇ ಬರೆದುಕೊಂಡಿರುತ್ತಾರೆ. ಅದರಲ್ಲಿ ಸುಳ್ಳು ಸಿಗುವುದು ಅಪರೂಪ, ಹೇಳದೆ ಬಿಟ್ಟದ್ದು ಮಾತ್ರ ಧಾರಾಳವಾಗಿ ಸಿಗುತ್ತದೆ. ಯಾವುದಕ್ಕೆ ಹೋಲಿಸಿ "ಹತ್ತು ಪಟ್ಟು ವೇಗ" ಎಂದರು, ಹುದ್ದೆಯ ಹಣ ಎಷ್ಟು ದಿನದ್ದು, ಸಮ್ಮೇಳನದ ಸಮಿತಿಯಲ್ಲಿ ಯಾರಿದ್ದಾರೆ ಎಂಬಂಥವು. ಈ ಮಾರ್ಗದರ್ಶಿ ಆ ಖಾಲಿ ಜಾಗಗಳನ್ನು ಹುಡುಕುವ ಬಗ್ಗೆ. ಸಾಫ್ಟ್‌ವೇರ್ ಸುದ್ದಿಗೆ ಹೆಚ್ಚು ಜಾಗ ಕೊಟ್ಟಿದ್ದೇನೆ, ಏಕೆಂದರೆ ಅದೊಂದನ್ನೇ ನಾವು ಕೂತಲ್ಲೇ ಒರೆಗೆ ಹಚ್ಚಿ ನೋಡಬಹುದು.

ಮೊದಲ ಹೆಜ್ಜೆ: ಆಯುಷ್ಯ ನೋಡಿ ವಿಂಗಡಿಸಿ

ವಿಷಯ ನೋಡಿ ವಿಂಗಡಿಸುವುದಕ್ಕಿಂತ, ಆ ಸುದ್ದಿ ಎಷ್ಟು ದಿನ ಬಾಳುತ್ತದೆ ಎಂದು ನೋಡಿ ವಿಂಗಡಿಸುವುದು ಲೇಸು. ಹುದ್ದೆಯ ಜಾಹೀರಾತು ಕೆಲವೇ ವಾರಗಳಲ್ಲಿ ಸಾಯುತ್ತದೆ. ಸಮ್ಮೇಳನದ ಕರೆಗೆ ತಿಂಗಳುಗಳ ಆಯುಷ್ಯ. ಸಾಫ್ಟ್‌ವೇರ್ ಬಿಡುಗಡೆಯನ್ನು ಇವತ್ತೇ ನೋಡಬೇಕೆಂದಿಲ್ಲ, ಮುಂದಿನ ಸಲ ಆ ಲೈಬ್ರರಿಯನ್ನು ನವೀಕರಿಸುವ ಮೊದಲು ನೋಡಿದರೆ ಸಾಕು. ಪ್ರಶಸ್ತಿಯ ಸುದ್ದಿ ವರ್ಷ ಕಳೆದರೂ ಹಳಸುವುದಿಲ್ಲ.

ಗಡುವಿರುವ ಎರಡು ಬಗೆಯವನ್ನು ಓದಿದ ಕೂಡಲೇ ಕ್ಯಾಲೆಂಡರ್‌ಗೆ ಹಾಕಿ, ಉಳಿದದ್ದನ್ನು ಒಂದು ಕಡತಕ್ಕೆ ತಳ್ಳಿ. ವಾರಕ್ಕೆ ಅರ್ಧ ಗಂಟೆಗಿಂತ ಹೆಚ್ಚು ಇದಕ್ಕೆ ಖರ್ಚಾಗುತ್ತಿದ್ದರೆ ನೀವು ಬೇಡದ್ದನ್ನು ಓದುತ್ತಿದ್ದೀರಿ ಎಂದೇ ಲೆಕ್ಕ.

ಎರಡನೇ ಹೆಜ್ಜೆ: ಆವೃತ್ತಿಯ ಅಂಕಿಗಿಂತ ಬದಲಾವಣೆಗಳ ಪಟ್ಟಿ ಮುಖ್ಯ

"ಆವೃತ್ತಿ 3.2.1" ಎಂಬುದರಲ್ಲಿ ಸಾಮಾನ್ಯವಾಗಿ ಮೊದಲ ಅಂಕಿ ಬದಲಾದರೆ ಹಳೆಯ ಕೋಡ್ ಮುರಿಯಬಹುದು, ನಡುವಿನದು ಬದಲಾದರೆ ಹೊಸ ಸೌಲಭ್ಯ ಸೇರಿದೆ, ಕೊನೆಯದು ಬದಲಾದರೆ ದೋಷ ತಿದ್ದಿದ್ದಾರೆ. ಈ ಸಂಪ್ರದಾಯವನ್ನು ಎಲ್ಲರೂ ಪಾಲಿಸುವುದಿಲ್ಲ. ಗುಣಮಟ್ಟಕ್ಕೂ ಈ ಅಂಕಿಗೂ ಸಂಬಂಧವೂ ಕಡಿಮೆ. 2001ರಲ್ಲಿ ಶುರುವಾದ, ಪೈಥಾನ್ ಭಾಷೆಯ ವೈಜ್ಞಾನಿಕ ಲೆಕ್ಕದ ಲೈಬ್ರರಿ ಸೈಪೈ 1.0 ತಲುಪಿದ್ದು 2017ರಲ್ಲಿ. ಅಷ್ಟೂ ವರ್ಷ ಜಗತ್ತಿನ ತುಂಬ ಪ್ರಯೋಗಾಲಯಗಳು ಸೊನ್ನೆಯಿಂದ ಶುರುವಾಗುವ ಆವೃತ್ತಿಗಳನ್ನೇ ನಂಬಿ ಲೆಕ್ಕ ಮಾಡಿದವು.

ನೋಡಬೇಕಾದದ್ದು ಬದಲಾವಣೆಗಳ ಪಟ್ಟಿ. ಅದರಲ್ಲೂ "ವರ್ತನೆಯಲ್ಲಿ ಬದಲಾವಣೆ" ಎಂಬ ಭಾಗ. ಪೈಥಾನ್‌ನದೇ ಇನ್ನೊಂದು ಲೆಕ್ಕದ ಲೈಬ್ರರಿ ನಂಪೈ 2.0 ಬಂದದ್ದು 2024ರ ಜೂನ್‌ನಲ್ಲಿ, 2006ರ ನಂತರದ ಮೊದಲ ದೊಡ್ಡ ಆವೃತ್ತಿ. ಸುದ್ದಿಯ ತಲೆಬರಹಗಳೆಲ್ಲ ಹಳೆಯ ಪ್ಯಾಕೇಜ್‌ಗಳನ್ನು ಮತ್ತೆ ಕಂಪೈಲ್ ಮಾಡಬೇಕಾದ ತಾಪತ್ರಯದ ಬಗ್ಗೆ ಇದ್ದವು. ಲೆಕ್ಕ ಮಾಡುವವರಿಗೆ ತಟ್ಟುವ ಬದಲಾವಣೆ ಒಳಗಿತ್ತು: ಫ್ಲೋಟ್32 (32 ಬಿಟ್‌ನಲ್ಲಿ ಇಡುವ) ಬಗೆಯ ಒಂಟಿ ಸಂಖ್ಯೆ 3ಕ್ಕೆ ಪೈಥಾನ್‌ನ ಮಾಮೂಲು 3.0 ಕೂಡಿಸಿದರೆ ಮೊದಲು ಫ್ಲೋಟ್64 (64 ಬಿಟ್‌ನ) ಉತ್ತರ ಬರುತ್ತಿತ್ತು, 2.0ರಿಂದ ಫ್ಲೋಟ್32 ಬರುತ್ತದೆ. ಅಂದರೆ ಸುಮಾರು 16 ಅಂಕಿಗಳ ನಿಖರತೆ ಇದ್ದ ಕಡೆ ಸುಮಾರು 7 ಉಳಿಯುತ್ತದೆ. ಪ್ರೋಗ್ರಾಂ ನಿಲ್ಲುವುದಿಲ್ಲ, ಎಚ್ಚರಿಕೆಯೂ ಬರದಿರಬಹುದು, ಉತ್ತರದ ಬಾಲ ಮಾತ್ರ ಬೇರೆಯಾಗಿರುತ್ತದೆ. ನಿಯಮ ಹೊಸದೇ ಒಳ್ಳೆಯದು, ಅದರಲ್ಲಿ ತಕರಾರಿಲ್ಲ. ಆದರೆ ಪಟ್ಟಿಯ ಆ ಸಾಲನ್ನು ಓದದೆ ನವೀಕರಿಸಿದವರು ಹಳೆಯ ಫಲಿತಾಂಶಕ್ಕೂ ಹೊಸದಕ್ಕೂ ತಾಳೆಯಾಗದೆ ತಲೆ ಕೆರೆದುಕೊಳ್ಳಬೇಕಾಗುತ್ತದೆ.

ಇದೇ ಹಂತದಲ್ಲಿ ಪರವಾನಗಿಯನ್ನೂ ನೋಡಿಬಿಡಿ. ರೇಖೀಯ ಬೀಜಗಣಿತದ ಲೈಬ್ರರಿ ಲ್ಯಾಪ್ಯಾಕ್‌ನದು ಬಿಎಸ್‌ಡಿ ಮಾದರಿಯ ಸಡಿಲ ಪರವಾನಗಿ, ಎಲ್ಲಿ ಬೇಕಾದರೂ ಸೇರಿಸಿಕೊಳ್ಳಬಹುದು. ಫೂರಿಯೇ ರೂಪಾಂತರದ ಲೈಬ್ರರಿ ಎಫ್‌ಎಫ್‌ಟಿಡಬ್ಲ್ಯೂ ಜಿಪಿಎಲ್ ಪರವಾನಗಿಯದು, ಅದನ್ನು ಸೇರಿಸಿದ ಪ್ರೋಗ್ರಾಂ ಹಂಚುವಾಗ ನಿಮ್ಮ ಕೋಡನ್ನೂ ಅದೇ ಷರತ್ತಿನಲ್ಲಿ ಬಿಡಬೇಕಾಗುತ್ತದೆ. ಪ್ರಬಂಧ ಬರೆದು ಮುಗಿಸಿದ ಮೇಲೆ ಇದು ಗೊತ್ತಾದರೆ ಎರಡು ತಿಂಗಳ ಕೆಲಸ ಹೆಚ್ಚುತ್ತದೆ.

ಮೂರನೇ ಹೆಜ್ಜೆ: ಉತ್ತರ ಗೊತ್ತಿರುವ ಲೆಕ್ಕ ಕೊಟ್ಟು ನೋಡಿ

ಹೊಸ ಲೈಬ್ರರಿಯನ್ನು ಪ್ರತ್ಯೇಕ ಎನ್ವಿರಾನ್ಮೆಂಟ್‌ನಲ್ಲಿ ಇನ್‌ಸ್ಟಾಲ್ ಮಾಡಿ, ನಡೆಯುತ್ತಿರುವ ಕೆಲಸದ ಜೊತೆ ಬೆರೆಸಬೇಡಿ. ಅದರ ಜೊತೆಗೇ ಬರುವ ಪರೀಕ್ಷೆಗಳನ್ನು ಓಡಿಸಿ. ಆಮೇಲೆ ನಿಮ್ಮದೇ ಎರಡು ಪರೀಕ್ಷೆ.

ಒಂದನೆಯದು ವಿಧಾನದ ದರ್ಜೆಯದು. "ಎರಡನೇ ದರ್ಜೆಯ ವಿಧಾನ" ಎಂದು ಪ್ರಕಟಣೆ ಹೇಳಿದರೆ, ಹೆಜ್ಜೆಯನ್ನು ಅರ್ಧ ಮಾಡಿದಾಗ ದೋಷ ಕಾಲು ಭಾಗಕ್ಕೆ ಇಳಿಯಬೇಕು. ಅಭ್ಯಾಸಕ್ಕೆ ಟ್ರೆಪಿಜಾಯ್ಡಲ್ ನಿಯಮವನ್ನೇ ತೆಗೆದುಕೊಳ್ಳಿ. ಸೊನ್ನೆಯಿಂದ ಒಂದರವರೆಗೆ ಘಾತೀಯ ಫಲನದ ಅನುಕಲನ, ನಿಜ ಉತ್ತರ 1.718281828. ಹೆಜ್ಜೆ 0.1 ಇದ್ದಾಗ ದೋಷ 0.001432, ಅರ್ಧ ಮಾಡಿದರೆ 0.000358, ಇನ್ನೊಮ್ಮೆ ಅರ್ಧ ಮಾಡಿದರೆ 0.0000895. ಎರಡು ಸಲವೂ ನಾಲ್ಕರಿಂದ ಭಾಗಿಸಿದಂತೆ ಇಳಿದಿದೆ. ನಿಮ್ಮ ಹೊಸ ಲೈಬ್ರರಿಯಲ್ಲಿ ನಾಲ್ಕರ ಬದಲು ಎರಡು ಬರುತ್ತಿದ್ದರೆ ಎಲ್ಲೋ ಒಂದು ದರ್ಜೆ ಸೋರುತ್ತಿದೆ. ಭಾಗಶಃ ಅವಕಲ ಸಮೀಕರಣಗಳ ಕೋಡ್‌ನಲ್ಲಾದರೆ ಮೊದಲು ಅನುಮಾನಿಸಬೇಕಾದ ಜಾಗ ಅಂಚಿನ ಷರತ್ತುಗಳು. ಒಳಗೆಲ್ಲ ಎರಡನೇ ದರ್ಜೆ ಇಟ್ಟು ಅಂಚಿನಲ್ಲಿ ಒಂದನೇ ದರ್ಜೆಯ ಸೂತ್ರ ಹಾಕಿರುತ್ತಾರೆ.

ಈಗ ಅದೇ ನಿಯಮವನ್ನು ಬೇರೆ ಫಲನಕ್ಕೆ ಹಚ್ಚಿ. ಕೊಸೈನ್‌ನ ಘಾತೀಯವನ್ನು ಒಂದು ಪೂರ್ತಿ ಆವರ್ತದ ಮೇಲೆ, ಸೊನ್ನೆಯಿಂದ ಎರಡು ಪೈವರೆಗೆ ಅನುಕಲಿಸಿ. ಬರೀ 16 ಬಿಂದುಗಳಲ್ಲಿ ಕಂಪ್ಯೂಟರ್ ಹಿಡಿಯಬಲ್ಲಷ್ಟೂ ಅಂಕಿಗಳು ಸರಿಯಾಗಿ ಬರುತ್ತವೆ! ನುಣುಪಾದ ಆವರ್ತಕ ಫಲನಗಳಿಗೆ ಟ್ರೆಪಿಜಾಯ್ಡಲ್ ನಿಯಮ ಘಾತೀಯ ವೇಗದಲ್ಲಿ ಸರಿ ಉತ್ತರಕ್ಕೆ ಹತ್ತಿರವಾಗುತ್ತದೆ, ಇದು ಹಳೆಯ ಸಂಗತಿ. ಪ್ರಕಟಣೆಯ ಓದುಗರಿಗೆ ಇದರಲ್ಲೊಂದು ಸೂಚನೆ ಇದೆ. ಅತಿ ಸಾಧಾರಣ ವಿಧಾನವೂ ಸರಿಯಾದ ಉದಾಹರಣೆ ಸಿಕ್ಕರೆ ಪವಾಡ ಮಾಡಿ ತೋರಿಸುತ್ತದೆ. ಆದ್ದರಿಂದ ಪ್ರಕಟಣೆಯಲ್ಲಿರುವ ಉದಾಹರಣೆಯನ್ನು ಓಡಿಸಿ ಅಲ್ಲಿಗೇ ನಿಲ್ಲಿಸಬೇಡಿ. ಆ ಫಲನ ಆವರ್ತಕವೇ, ಮ್ಯಾಟ್ರಿಕ್ಸ್ ಸಮಮಿತವೇ, ಪ್ರದೇಶ ಚೌಕವೇ ಎಂದು ಕೇಳಿ, ಆ ಅನುಕೂಲವನ್ನು ಕಿತ್ತುಹಾಕಿ ಮತ್ತೆ ಓಡಿಸಿ.

ಎರಡನೆಯದು ರೇಖೀಯ ಸಮೀಕರಣಗಳ ಸಾಲ್ವರ್‌ಗಳಿಗೆ. ಹಿಲ್ಬರ್ಟ್ ಮ್ಯಾಟ್ರಿಕ್ಸ್ ಕಟ್ಟಿ: ಐನೇ ಸಾಲು ಜೆನೇ ಕಂಬದಲ್ಲಿ 1/(ಐ + ಜೆ − 1). ಉತ್ತರದ ಪ್ರತಿ ಸಂಖ್ಯೆಯೂ 1 ಇರಲಿ ಎಂದು ಇಟ್ಟುಕೊಂಡು ಪ್ರತಿ ಸಾಲಿನ ಮೊತ್ತವನ್ನು ಬಲಗಡೆ ಬರೆಯಿರಿ. ಈಗ ಸಾಲ್ವರ್‌ಗೆ ಕೊಡಿ, ಒಂದುಗಳು ವಾಪಸ್ ಬರುತ್ತವೆಯೇ ನೋಡಿ. ಗಾತ್ರ 5 ಇದ್ದಾಗ ಕಂಡೀಷನ್ ನಂಬರ್, ಅಂದರೆ ಸಣ್ಣ ದೋಷ ಉತ್ತರದಲ್ಲಿ ಎಷ್ಟು ಪಟ್ಟು ಹಿಗ್ಗಬಹುದೆಂಬ ಅಳತೆ, ಸುಮಾರು 4.8 ಲಕ್ಷ, ಪರವಾಗಿಲ್ಲ. ಗಾತ್ರ 10ಕ್ಕೆ ಅದು 1.6×10¹³. ಡಬಲ್ ಪ್ರಿಸಿಷನ್‌ನ (64 ಬಿಟ್‌ನ) 16 ಅಂಕಿಗಳಲ್ಲಿ ಸುಮಾರು 13 ಅಪಾಯದಲ್ಲಿರುತ್ತವೆ. ಗಾತ್ರ 12 ದಾಟಿದರೆ ಯಾವ ಅಂಕಿಗೂ ಭರವಸೆ ಇಲ್ಲ.

ಇಲ್ಲಿ ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಬರೆದುಕೊಳ್ಳಿ. ಬಂದ ಉತ್ತರವನ್ನು ಸಮೀಕರಣಕ್ಕೆ ಹಾಕಿದಾಗ ಉಳಿಯುವ ವ್ಯತ್ಯಾಸ, ಅಂದರೆ ರೆಸಿಡ್ಯುಯಲ್, ಒಂದು. ಉತ್ತರಕ್ಕೂ ನಿಜವಾದ ಒಂದುಗಳಿಗೂ ಇರುವ ವ್ಯತ್ಯಾಸ ಇನ್ನೊಂದು. ಗಾತ್ರ 12ರಲ್ಲೂ ರೆಸಿಡ್ಯುಯಲ್ 10⁻¹⁶ರ ಆಸುಪಾಸಿನಲ್ಲೇ ಇರುತ್ತದೆ, ಉತ್ತರ ಮಾತ್ರ ಕೆಟ್ಟಿರುತ್ತದೆ. ಪ್ರಕಟಣೆಗಳಲ್ಲಿ "ರೆಸಿಡ್ಯುಯಲ್ 10⁻¹⁵ಕ್ಕೆ ಇಳಿಯಿತು" ಎಂಬ ವಾಕ್ಯ ಕಂಡಾಗಲೆಲ್ಲ ಈ ಪಟ್ಟಿಯನ್ನು ನೆನೆಯಬೇಕು. ಇದರಲ್ಲಿ ಸಾಲ್ವರ್‌ನ ತಪ್ಪೇನೂ ಇಲ್ಲ, ಲೆಕ್ಕವೇ ಅಂಥದ್ದು. ಇಂಥ ಮ್ಯಾಟ್ರಿಕ್ಸ್ ಕೊಟ್ಟಾಗ ಬಾಯಿಬಿಟ್ಟು ಎಚ್ಚರಿಸುವ ಸಾಲ್ವರ್ ಒಳ್ಳೆಯ ಸಾಲ್ವರ್. ಮ್ಯಾಟ್‌ಲ್ಯಾಬ್ ಎಚ್ಚರಿಕೆ ಮುದ್ರಿಸುತ್ತದೆ, ಲ್ಯಾಪ್ಯಾಕ್‌ನ "ಎಕ್ಸ್‌ಪರ್ಟ್" ರುಟೀನ್‌ಗಳು ಕಂಡೀಷನ್ ನಂಬರ್‌ನ ಅಂದಾಜನ್ನೂ ದೋಷದ ಮಿತಿಯನ್ನೂ ಕೊಡುತ್ತವೆ. ಹೊಸ ಲೈಬ್ರರಿ ಏನೂ ಹೇಳದೆ ಉತ್ತರವನ್ನು ಕೈಗಿಟ್ಟು ಸುಮ್ಮನಾದರೆ, ಅದು ಎಷ್ಟೇ ವೇಗವಿದ್ದರೂ ನಾನು ಒಂದು ವರ್ಷ ಕಾಯುತ್ತೇನೆ.

ನಾಲ್ಕನೇ ಹೆಜ್ಜೆ: "ಪಟ್ಟು ವೇಗ" ಎಂದವರನ್ನು ಕೇಳಬೇಕಾದದ್ದು

ಮೊದಲ ಪ್ರಶ್ನೆ, ಯಾವುದಕ್ಕಿಂತ? ನೆಟ್‌ಲಿಬ್ ಎಂಬ ಕೋಡ್ ಭಂಡಾರದಲ್ಲಿ ಸಿಗುವ ಮೂಲ ಬ್ಲಾಸ್ (ಮ್ಯಾಟ್ರಿಕ್ಸ್ ಗುಣಾಕಾರದಂಥ ಲೆಕ್ಕಗಳ ಲೈಬ್ರರಿ) ಬೇಕೆಂದೇ ಸರಳವಾಗಿ ಬರೆದದ್ದು, ಏನು ಮಾಡಬೇಕೆಂದು ತೋರಿಸುವ ಮಾದರಿ ಅದು. ಅದರ ಎದುರು ಓಡಿದರೆ ಯಾರೂ ಗೆಲ್ಲುತ್ತಾರೆ. ಓಪನ್‌ಬ್ಲಾಸ್, ಬ್ಲಿಸ್, ಇಂಟೆಲ್‌ನ ಎಂಕೆಎಲ್‌ನಂಥ, ವೇಗಕ್ಕೆಂದೇ ಬರೆದ ಬ್ಲಾಸ್‌ಗಳ ಜೊತೆ ಹೋಲಿಸಿದ್ದಾರೆಯೇ ನೋಡಿ. ಎರಡೂ ಕಡೆ ಏಕಕಾಲಕ್ಕೆ ಓಡುವ ಥ್ರೆಡ್‌ಗಳ ಸಂಖ್ಯೆ ಒಂದೇ ಇತ್ತೇ ಎಂಬುದನ್ನೂ ನೋಡಿ. ಒಂದು ಕಡೆ ಎಂಟು, ಇನ್ನೊಂದು ಕಡೆ ಒಂದು ಇಟ್ಟ ಕೋಷ್ಟಕಗಳು ಇನ್ನೂ ಅಚ್ಚಾಗುತ್ತಿವೆ.

ಎರಡನೆಯದು, ಎಲ್ಲಿಯವರೆಗೆ? ಪುನರಾವರ್ತಿತ ವಿಧಾನಗಳಲ್ಲಿ ಒಂದು ಸುತ್ತಿನ ವೇಗ ಹೇಳಿ ಸುತ್ತುಗಳ ಸಂಖ್ಯೆ ಹೇಳದಿದ್ದರೆ ಆ ಮಾಹಿತಿ ಯಾವ ಉಪಯೋಗಕ್ಕೂ ಬಾರದು. ಒಂದೇ ಮಟ್ಟದ ದೋಷ ತಲುಪಲು ತಗಲಿದ ಒಟ್ಟು ಸಮಯ ಬೇಕು. ಸುತ್ತುಗಳನ್ನು ಕಡಿಮೆ ಮಾಡಲು ಬಳಸುವ ಪ್ರೀಕಂಡೀಷನರ್ ಕಟ್ಟಲು ಹಿಡಿದ ಹೊತ್ತು ಅದರಲ್ಲಿ ಸೇರಿರಬೇಕು. ನೀವೇ ಅಳೆಯುವಾಗ ಮೊದಲ ಓಟವನ್ನು ಬಿಟ್ಟುಬಿಡಿ. ಜೂಲಿಯಾದಂಥ ಭಾಷೆಯಲ್ಲಿ ಮೊದಲ ಕರೆಯ ಹೊತ್ತಿನಲ್ಲಿ ಕಂಪೈಲ್ ಸಮಯವೂ ಸೇರಿಕೊಂಡಿರುತ್ತದೆ.

ಮೂರನೆಯದು, ಎಷ್ಟು ಪ್ರಿಸಿಷನ್‌ನಲ್ಲಿ? ಈಗಿನ ಜಿಪಿಯುಗಳಲ್ಲಿ 16 ಬಿಟ್‌ನ ಲೆಕ್ಕ 64 ಬಿಟ್‌ನದಕ್ಕಿಂತ ಎಷ್ಟೋ ಪಟ್ಟು ಬೇಗ ನಡೆಯುತ್ತದೆ. ಕಡಿಮೆ ಪ್ರಿಸಿಷನ್‌ನಲ್ಲಿ ಮ್ಯಾಟ್ರಿಕ್ಸ್ ಒಡೆದು, ಆಮೇಲೆ ಉತ್ತರವನ್ನು ತಿದ್ದಿ ತಿದ್ದಿ ಪೂರ್ತಿ ನಿಖರತೆಗೆ ತರುವುದು ಸಭ್ಯ ತಂತ್ರವೇ. ಹೇಳದೆ ಮಾಡಿದರೆ ಮೋಸ. ಸೂಪರ್‌ಕಂಪ್ಯೂಟರ್‌ಗಳ ಸುದ್ದಿಯಲ್ಲಿ ಈ ಗೊಂದಲ ಎದ್ದು ಕಾಣುತ್ತದೆ. 1993ರಿಂದ ವರ್ಷಕ್ಕೆರಡು ಸಲ, ಜೂನ್ ಮತ್ತು ನವೆಂಬರ್‌ನಲ್ಲಿ ಬರುವ ಟಾಪ್500 ಪಟ್ಟಿ 64 ಬಿಟ್‌ನಲ್ಲಿ ದೊಡ್ಡದೊಂದು ದಟ್ಟ ರೇಖೀಯ ವ್ಯವಸ್ಥೆಯನ್ನು ಬಿಡಿಸಿ ಅಳೆಯುತ್ತದೆ. 2022ರ ಜೂನ್‌ನಲ್ಲಿ ಅಮೆರಿಕದ ಓಕ್ ರಿಡ್ಜ್‌ನ ಫ್ರಾಂಟಿಯರ್ ಆ ಪರೀಕ್ಷೆಯಲ್ಲಿ 1.102 ಎಕ್ಸಾಫ್ಲಾಪ್ (ಒಂದು ಎಕ್ಸಾಫ್ಲಾಪ್ ಎಂದರೆ ಸೆಕೆಂಡಿಗೆ 10¹⁸ ಲೆಕ್ಕ) ತಲುಪಿ ಮೊದಲ ಸ್ಥಾನಕ್ಕೆ ಬಂತು. ಮಿಶ್ರ ಪ್ರಿಸಿಷನ್‌ನ ಇನ್ನೊಂದು ಪರೀಕ್ಷೆಯಲ್ಲಿ ಅದೇ ಯಂತ್ರ ಆರು ಎಕ್ಸಾಫ್ಲಾಪ್ ದಾಟಿತ್ತು. ಎರಡೂ ನಿಜ. ಯಾವ ಪರೀಕ್ಷೆ ಎಂದು ಹೇಳದ ಸುದ್ದಿ ಅರ್ಧ ಸುದ್ದಿ.

ಕೊನೆಯದಾಗಿ, ಯಾವ ಸಮಸ್ಯೆಗಳ ಮೇಲೆ? ಬಹುಪಾಲು ಸೊನ್ನೆಗಳೇ ಇರುವ ವಿರಳ ಮ್ಯಾಟ್ರಿಕ್ಸ್‌ಗಳಿಗೆ ಸೂಟ್‌ಸ್ಪಾರ್ಸ್ ಸಂಗ್ರಹವಿದೆ, ಹಿಂದೆ ಫ್ಲಾರಿಡಾ ವಿಶ್ವವಿದ್ಯಾಲಯದ ಹೆಸರಲ್ಲಿತ್ತು. ಎರಡೂವರೆ ಸಾವಿರಕ್ಕೂ ಹೆಚ್ಚು ಮ್ಯಾಟ್ರಿಕ್ಸ್‌ಗಳು ಎಂಜಿನಿಯರಿಂಗ್, ಸರ್ಕ್ಯೂಟ್, ಅರ್ಥಶಾಸ್ತ್ರ ಎಲ್ಲ ಕಡೆಯಿಂದ ಬಂದಿವೆ. ಅಷ್ಟರಲ್ಲಿ ಹತ್ತನ್ನು ಆರಿಸಿ ಫಲಿತಾಂಶ ಕೊಟ್ಟಿದ್ದರೆ ಆ ಹತ್ತೇ ಏಕೆ ಎಂಬುದಕ್ಕೆ ಒಂದು ವಾಕ್ಯವಾದರೂ ಇರಬೇಕು. ಹನ್ನೊಂದನೆಯದನ್ನು ನೀವೇ ಆರಿಸಿ ಓಡಿಸಿ.

ಐದನೇ ಹೆಜ್ಜೆ: ಸಮ್ಮೇಳನದ ಕರೆ

ಸಮ್ಮೇಳನಗಳಿಗೆ ಒಂದು ಲಯವಿದೆ, ಅದು ಗೊತ್ತಿದ್ದರೆ ಪ್ರಕಟಣೆಗೆ ಕಾಯಬೇಕಿಲ್ಲ. ಅನ್ವಯಿಕ ಗಣಿತದ ಮಹಾಮೇಳ ಐಸಿಐಎಎಂ ನಾಲ್ಕು ವರ್ಷಕ್ಕೊಮ್ಮೆ: 1987ರಲ್ಲಿ ಪ್ಯಾರಿಸ್‌ನಲ್ಲಿ ಶುರುವಾಗಿ 2023ರಲ್ಲಿ ಟೋಕಿಯೊ ತಲುಪಿತು, 2027ರದು ಹೇಗ್‌ನಲ್ಲಿ. ಅನ್ವಯಿಕ ಗಣಿತದ ಸಂಘ ಸಯಾಮ್‌ನ ಕಂಪ್ಯುಟೇಷನಲ್ ಸೈನ್ಸ್ ಸಮ್ಮೇಳನ ಬೆಸ ವರ್ಷಗಳದ್ದು. ಅಮೆರಿಕದ ಕಾಪರ್ ಮೌಂಟನ್‌ನಲ್ಲಿ ಬೆಸ ವರ್ಷ ಮಲ್ಟಿಗ್ರಿಡ್ ವಿಧಾನಗಳ ಸಮ್ಮೇಳನ, ಸರಿ ವರ್ಷ ಪುನರಾವರ್ತಿತ ವಿಧಾನಗಳದ್ದು. ಯೂರೋಪಿನ ನ್ಯೂಮರಿಕಲ್ ಗಣಿತದ ಸಮ್ಮೇಳನ ಎನುಮಾತ್ 1995ರಲ್ಲಿ ಹುಟ್ಟಿದ್ದು. ಹೌಸ್‌ಹೋಲ್ಡರ್ ಸಿಂಪೋಸಿಯಂ ಬೇರೆಯೇ ಜಾತಿ. 1961ರಲ್ಲಿ ಟೆನೆಸಿಯ ಗ್ಯಾಟ್ಲಿನ್‌ಬರ್ಗ್‌ನಲ್ಲಿ ಶುರುವಾದ ಅದಕ್ಕೆ ಶುಲ್ಕ ಕಟ್ಟಿ ಹೋಗಲಾಗದು, ಅರ್ಜಿ ಹಾಕಿ ಆಯ್ಕೆಯಾಗಬೇಕು. ಯುವಕರೂ ಆಯ್ಕೆಯಾಗುತ್ತಾರೆ, ಹಿಂಜರಿಯಬೇಕಿಲ್ಲ.

ಕರೆಯಲ್ಲಿ ಒಂದಲ್ಲ, ನಾಲ್ಕೈದು ದಿನಾಂಕ ಇರುತ್ತವೆ. ಮಿನಿಸಿಂಪೋಸಿಯಂ (ಒಂದೇ ವಿಷಯದ ಕೆಲವು ಭಾಷಣಗಳ ಗುಂಪು) ಪ್ರಸ್ತಾವ, ಸಾರಾಂಶ, ಪ್ರಯಾಣ ನೆರವಿನ ಅರ್ಜಿ, ರಿಯಾಯಿತಿ ದರದ ನೋಂದಣಿ. ನೆರವಿನ ಗಡುವು ಎಷ್ಟೋ ಸಲ ಉಳಿದವುಗಳಿಗಿಂತ ಮೊದಲೇ ಬರುತ್ತದೆ, ಪುಟದ ಬೇರೆ ಮೂಲೆಯಲ್ಲಿ ಬರೆದಿರುತ್ತದೆ. ವಿದ್ಯಾರ್ಥಿಗಳು ತಪ್ಪಿಸಿಕೊಳ್ಳುವುದು ಅದನ್ನೇ. ವೀಸಾ ಬೇಕಿದ್ದರೆ ಸಮ್ಮೇಳನದ ದಿನದಿಂದ ಹಿಂದಕ್ಕೆ ಎಣಿಸಿ, ಆಹ್ವಾನ ಪತ್ರ ಯಾವಾಗ ಕೊಡುತ್ತಾರೆಂದು ಮೊದಲೇ ಕೇಳಿ. "ಭೂಮಿಯ ಯಾವುದೇ ಭಾಗದಲ್ಲಿ" ಎಂಬರ್ಥದ ಎಓಇ ಗಡುವು ಕಂಡರೆ, ಅದು ಯುಟಿಸಿಗಿಂತ 12 ಗಂಟೆ ಹಿಂದಿನ ಗಡಿಯಾರದ ಮಧ್ಯರಾತ್ರಿ. ಯಾವುದೇ ವಲಯದಲ್ಲಿದ್ದರೂ ನಿಮ್ಮ ಗಡಿಯಾರದಲ್ಲಿ ಆ ದಿನ ಮುಗಿಯುವ ಮುನ್ನ ಕಳಿಸಿದರೆ ತಡವಾಗುವುದಿಲ್ಲ.

ದೊಡ್ಡ ಸಮ್ಮೇಳನದಲ್ಲಿ ಬಿಡಿ ಭಾಷಣಕ್ಕಿಂತ ಮಿನಿಸಿಂಪೋಸಿಯಂ ಒಳಗಿನ ಭಾಷಣಕ್ಕೆ ಕೇಳುಗರು ಹೆಚ್ಚು. ಪ್ರಸ್ತಾವದ ಗಡುವಿಗೆ ತಿಂಗಳ ಮುಂಚೆ, ನಿಮ್ಮ ವಿಷಯದಲ್ಲೇ ಬರೆಯುವ ಒಬ್ಬಿಬ್ಬರಿಗೆ ಐದು ಸಾಲಿನ ಪತ್ರ ಬರೆಯಿರಿ. ನಾಲ್ಕನೇ ಭಾಷಣಕಾರರು ಸಿಗದೆ ಒದ್ದಾಡುವ ಸಂಘಟಕರು ಪ್ರತಿ ಸಲವೂ ಇರುತ್ತಾರೆ.

ಇನ್ನು ನಕಲಿ ಸಮ್ಮೇಳನಗಳು. ಗಣಿತ, ನರ್ಸಿಂಗ್, ಮ್ಯಾನೇಜ್‌ಮೆಂಟ್ ಮೂರೂ ಒಂದೇ ಸಭಾಂಗಣದಲ್ಲಿ, "ಗೌರವಾನ್ವಿತ ವಿದ್ವಾಂಸರೇ" ಎಂಬ ಸಂಬೋಧನೆ, ಸಾರಾಂಶ ಕಳಿಸಿದ ಎರಡೇ ದಿನದಲ್ಲಿ ಸ್ವೀಕಾರ, ಕೂಡಲೇ ಶುಲ್ಕದ ಬಿಲ್ಲು. ಸಮಿತಿಯಲ್ಲಿರುವ ಇಬ್ಬರ ಸ್ವಂತ ಪುಟ ತೆರೆದು ನೋಡಿ. ಅಲ್ಲಿ ಆ ಸಮ್ಮೇಳನದ ಹೆಸರೇ ಇಲ್ಲದಿದ್ದರೆ ಇನ್ನೇನೂ ಕೇಳಬೇಕಿಲ್ಲ.

ಆರನೇ ಹೆಜ್ಜೆ: ಹುದ್ದೆಗಳು

ಪೋಸ್ಟ್‌ಡಾಕ್ ಜಾಹೀರಾತಿನಲ್ಲಿ ಮೊದಲು ಹಣದ ಮೂಲ ಹುಡುಕಿ. ನಿರ್ದಿಷ್ಟ ಯೋಜನೆಯ ಹಣವಾದರೆ ನೀವು ಆ ಯೋಜನೆಯ ಕೆಲಸವನ್ನೇ ಮಾಡಬೇಕು, ಅವಧಿಯೂ ಅದರ ಜೊತೆ ಮುಗಿಯುತ್ತದೆ. ವಿಭಾಗದ ಹಣವಾದರೆ ಸ್ವಾತಂತ್ರ್ಯ ಹೆಚ್ಚು, ಪಾಠ ಮಾಡುವ ಹೊರೆಯೂ ಜೊತೆಗೆ ಬರಬಹುದು. "ಒಂದು ವರ್ಷ, ವಿಸ್ತರಣೆ ಸಾಧ್ಯ" ಎಂದಿದ್ದರೆ ವಿಸ್ತರಣೆ ಯಾವುದನ್ನು ಅವಲಂಬಿಸಿದೆ ಎಂದು ಸಂದರ್ಶನದಲ್ಲಿ ಕೇಳುವುದು ಅಧಿಕಪ್ರಸಂಗವಲ್ಲ. "ಹುದ್ದೆ ತುಂಬುವವರೆಗೆ ತೆರೆದಿದೆ" ಎಂದು ಬರೆದು ಮೇಲೆ ಒಂದು ದಿನಾಂಕ ಕೊಟ್ಟಿದ್ದರೆ ಆ ದಿನಾಂಕವೇ ನಿಜವಾದ ಗಡುವು ಎಂದು ತಿಳಿಯಿರಿ, ಪರಿಶೀಲನೆ ಅಂದೇ ಶುರುವಾಗುತ್ತದೆ.

ಶಿಫಾರಸು ಪತ್ರ ಬರೆಯುವವರಿಗೆ ಮೂರು ವಾರ ಸಮಯ ಕೊಡಿ. ಅರ್ಜಿಯ ಪತ್ರದಲ್ಲಿ "ನ್ಯೂಮರಿಕಲ್ ಅನಾಲಿಸಿಸ್‌ನಲ್ಲಿ ಅಪಾರ ಆಸಕ್ತಿ" ಎಂಬ ವಾಕ್ಯ ಹೊಡೆದು ಹಾಕಿ, ಯಾವ ಸಮೀಕರಣಕ್ಕೆ ಯಾವ ವಿಧಾನ ಬರೆದಿರಿ, ಕೋಡ್ ಎಲ್ಲಿದೆ ಎಂಬುದನ್ನು ಆ ಜಾಗದಲ್ಲಿ ಹಾಕಿ.

ಏಳನೇ ಹೆಜ್ಜೆ: ಪ್ರಶಸ್ತಿಗಳನ್ನು ಓದಿನ ಪಟ್ಟಿಯಾಗಿ ಬಳಸಿ

ಪ್ರಶಸ್ತಿಯ ಸುದ್ದಿಯಲ್ಲಿ ಅಭಿನಂದನೆಗಿಂತ ಹೆಚ್ಚಿನ ಸರಕಿದೆ. ಜೇಮ್ಸ್ ವಿಲ್ಕಿನ್‌ಸನ್ ಹೆಸರಿನ ನ್ಯೂಮರಿಕಲ್ ಸಾಫ್ಟ್‌ವೇರ್ ಪ್ರಶಸ್ತಿಯನ್ನೇ ನೋಡಿ. 1991ರಲ್ಲಿ ಮೊದಲನೆಯದು ಲಿಂಡಾ ಪೆಟ್ಜೋಲ್ಡ್ ಅವರ ಡಾಸಲ್‌ಗೆ, 1999ರದು ಎಫ್‌ಎಫ್‌ಟಿಡಬ್ಲ್ಯೂಗೆ, 2003ರದು ಜೊನಾಥನ್ ಶ್ಯುಚುಕ್ ಅವರ ಟ್ರಯಾಂಗಲ್‌ಗೆ, 2007ರದು ಡೀಲ್‌ಟೂಗೆ, 2011ರದು ಐಪಾಪ್ಟ್‌ಗೆ, 2019ರದು ಜೂಲಿಯಾಗೆ, 2023ರದು ಬ್ಲಿಸ್‌ಗೆ. ಕ್ರಮವಾಗಿ ಅವುಗಳ ವಿಷಯ: ಅವಕಲ-ಬೀಜ ಸಮೀಕರಣ, ಫೂರಿಯೇ ರೂಪಾಂತರ, ಮೆಶ್, ಫೈನೈಟ್ ಎಲಿಮೆಂಟ್, ಆಪ್ಟಿಮೈಸೇಷನ್, ಭಾಷೆ, ಬ್ಲಾಸ್. ಚೆನ್ನಾಗಿ ಬರೆದ ವೈಜ್ಞಾನಿಕ ಕೋಡ್ ಹೇಗಿರುತ್ತದೆಂದು ಕಲಿಯಬೇಕಾದವರಿಗೆ ಇದಕ್ಕಿಂತ ಒಳ್ಳೆಯ ಪಟ್ಟಿ ನನಗೆ ಗೊತ್ತಿಲ್ಲ.

ನೀವೇ ಸ್ಪರ್ಧಿಸುವುದಾದರೆ ಅರ್ಹತೆಯ ಸಾಲನ್ನು ಎರಡು ಸಲ ಓದಿ. 1985ರಲ್ಲಿ ಶುರುವಾದ ಲೆಸ್ಲಿ ಫಾಕ್ಸ್ ಬಹುಮಾನಕ್ಕೆ ವಯಸ್ಸಿನ ಮಿತಿಯಿದೆ. ಹೌಸ್‌ಹೋಲ್ಡರ್ ಪ್ರಶಸ್ತಿ ನ್ಯೂಮರಿಕಲ್ ಲೀನಿಯರ್ ಆಲ್ಜೀಬ್ರಾದ ಪಿಎಚ್‌ಡಿ ಪ್ರಬಂಧಕ್ಕೆ, ಅದಕ್ಕೂ ಕಾಲದ ಕಿಟಕಿಯಿದೆ.

ವಿಶೇಷ ಸಂಚಿಕೆಯ ಕರೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆ ಜರ್ನಲ್‌ಗೆ ವಿಶೇಷ ಸಂಚಿಕೆ ಇಲ್ಲದಾಗಲೂ ಲೇಖನ ಕಳಿಸುತ್ತಿದ್ದಿರಾ? ಹೌದಾದರೆ ಕಳಿಸಿ.

ಎಂಟನೇ ಹೆಜ್ಜೆ: ನಿಮ್ಮದೇ ಪ್ರಕಟಣೆ ಬರೆಯುವಾಗ

ಒಂದು ದಿನ ನಿಮ್ಮ ಕೋಡನ್ನೂ ಹೊರಗೆ ಬಿಡುವ ಹೊತ್ತು ಬರುತ್ತದೆ. "ಅತ್ಯಾಧುನಿಕ, ಅತಿ ವೇಗದ, ಬಳಸಲು ಸುಲಭವಾದ ಸಾಲ್ವರ್ ಬಿಡುಗಡೆ ಮಾಡಲು ಹರ್ಷಿಸುತ್ತೇವೆ" ಎಂಬ ಸಾಲಿನಿಂದ ಓದುಗರಿಗೆ ಏನೂ ಸಿಗುವುದಿಲ್ಲ. ಅದರ ಬದಲು ಹೀಗೆ ಬರೆಯಬಹುದು:

"ಸಮಮಿತ ಧನಾತ್ಮಕ ನಿಶ್ಚಿತ ವಿರಳ ವ್ಯವಸ್ಥೆಗಳಿಗೆ ಪುನರಾವರ್ತಿತ ಸಾಲ್ವರ್, ಆವೃತ್ತಿ 1.0. ಸಿ++ನಲ್ಲಿ ಬರೆದದ್ದು, ಪೈಥಾನ್‌ನಿಂದ ಕರೆಯಬಹುದು. ಡಬಲ್ ಪ್ರಿಸಿಷನ್ ಮಾತ್ರ. ಸಮಮಿತವಲ್ಲದ ಮ್ಯಾಟ್ರಿಕ್ಸ್‌ಗಳಿಗೆ ಕೆಲಸ ಮಾಡದು. ಹೋಲಿಕೆಯ ಕೋಷ್ಟಕ, ಅದನ್ನು ಮತ್ತೆ ಪಡೆಯುವ ಸ್ಕ್ರಿಪ್ಟ್ ಎರಡೂ ಜೊತೆಗಿವೆ. ಬಿಎಸ್‌ಡಿ ಪರವಾನಗಿ."

"ಕೆಲಸ ಮಾಡದು" ಎಂಬ ಸಾಲನ್ನು ಸಹಲೇಖಕರು ತೆಗೆಸಲು ನೋಡುತ್ತಾರೆ, ಬಿಟ್ಟುಕೊಡಬೇಡಿ. ಅದೊಂದು ಸಾಲು ಇದ್ದರೆ ತಪ್ಪು ಮ್ಯಾಟ್ರಿಕ್ಸ್ ಕೊಟ್ಟು ದೂರು ಬರೆಯುವವರು ಅರ್ಧಕ್ಕರ್ಧ ಕಡಿಮೆಯಾಗುತ್ತಾರೆ. ಸ್ಕ್ರಿಪ್ಟನ್ನು ಪ್ರಕಟಣೆಗೆ ಮೊದಲು ಬೇರೊಬ್ಬರ ಯಂತ್ರದಲ್ಲಿ, ಖಾಲಿ ಎನ್ವಿರಾನ್ಮೆಂಟ್‌ನಲ್ಲಿ ಓಡಿಸಿ ನೋಡಿ. ದೋಷ ವರದಿ ಮಾಡುವ ವಿಳಾಸವಾಗಿ ಮುಂದಿನ ವರ್ಷ ಕೆಲಸ ಬಿಡಲಿರುವ ವಿದ್ಯಾರ್ಥಿಯ ಇಮೇಲ್ ಕೊಡಬೇಡಿ. ಬಿಡುಗಡೆಯನ್ನು ಶುಕ್ರವಾರ ಸಂಜೆಗೆ ಇಟ್ಟುಕೊಳ್ಳಬೇಡಿ. ಮೊದಲ ಎರಡು ದಿನಗಳಲ್ಲಿ ಬರುವ ಇನ್‌ಸ್ಟಾಲ್ ದೂರುಗಳಿಗೆ ಉತ್ತರ ಕೊಡಲು ಯಾರಾದರೂ ಕೂತಿರಬೇಕು.